ವ್ರತಭಂಗವೂ ಶರಣಸಂಗವೂ

ವ್ರತವನ್ನು ಹಿಡಿದವನು ವ್ರತ ತಪ್ಪಿದರೆ ಅವನ ಮುಂದಿನ ಗತಿ ಏನು? ಶರಣಧರ್ಮದಲ್ಲಿ ಇದು ಇಂದು ನಿನ್ನೆಯ ಪ್ರಶ್ನೆಯಲ್ಲ. ಹನ್ನೆರಡನೆಯ ಶತಮಾನದ ವಚನಗಳಲ್ಲಿಯೇ ಇದಕ್ಕೆ ಎರಡು ಬಗೆಯ ದನಿಗಳು ಕೇಳಿಬರುತ್ತವೆ. ಶರಣೆ ಅಕ್ಕಮ್ಮ ವ್ರತಾಚಾರದಲ್ಲಿ ಎಳ್ಳಷ್ಟು ಸಡಿಲವನ್ನೂ ಸಹಿಸುವವಳಲ್ಲ. ಆಚಾರವೇ ಪ್ರಾಣವೆಂಬ ಮಾತು ಆಕೆಯ ಅಂಕಿತದಲ್ಲಿಯೇ ಸೇರಿದೆ. ಬಸವಣ್ಣನವರಾದರೋ ತಮ್ಮ ಮನಸ್ಸಿನ ಚಾಂಚಲ್ಯವನ್ನೂ ಸೋಲನ್ನೂ ಮುಚ್ಚಿಡದೆ ಶರಣರ ಮುಂದೆ ಹೇಳಿಕೊಂಡವರು. ಹೇಳಿಕೊಂಡುದರಿಂದ ಅವರು ಕಿರಿಯರಾಗಲಿಲ್ಲ. ಒಂದು ದನಿ ವ್ರತದ ಘನತೆಯನ್ನು ಕಾಯುತ್ತದೆ. ಇನ್ನೊಂದು ವ್ರತಿಯನ್ನು ಕಾಯುತ್ತದೆ. ಎರಡೂ ಬೇಕಾದುವೇ ಸರಿ. ಆದರೆ ಗೃಹಸ್ಥನ ಮನೆಗೆ ಈ ಪ್ರಶ್ನೆ ಬರುವುದು ಗ್ರಂಥದ ರೂಪದಲ್ಲಲ್ಲ. ಕುಡಿತ ಬಿಡುವೆನೆಂದು ಗುರುಗಳ ಪಾದ ಮುಟ್ಟಿ ಆಣೆ ಮಾಡಿ ಬಂದ ಮಗನು ತಿಂಗಳು ತುಂಬುವುದರೊಳಗೆ ಮತ್ತೆ ತೂರಾಡುತ್ತ ಹೊಸ್ತಿಲಿಗೆ ಬಂದು ನಿಂತಾಗ ಅದು ಬರುತ್ತದೆ.

ಆಗ ಮನೆಯವರಿಗೆ ತೋರುವ ದಾರಿಗಳು ಸಾಮಾನ್ಯವಾಗಿ ಎರಡು. ಇವನು ಗುರುವಿನ ಮಾತಿಗೂ ಅಂಜದವನು, ಇವನ ಹಣೆಬರಹವೇ ಇಷ್ಟು ಎಂದು ಕೈಬಿಡುವುದು ಒಂದು. ಮೊದಲಿನದಕ್ಕಿಂತ ದೊಡ್ಡ ಆಣೆಯನ್ನು, ಮೊದಲಿನದಕ್ಕಿಂತ ದೊಡ್ಡ ಕ್ಷೇತ್ರದಲ್ಲಿ ಮಾಡಿಸುವುದು ಮತ್ತೊಂದು. ಕುಡಿದವನಿಗೆ ಮೂರನೆಯದೊಂದು ದಾರಿ ತೋರುತ್ತದೆ. ಅದು ಅಡಗಿಕೊಳ್ಳುವ ದಾರಿ. ಅವನು ಮಠದ ಬೀದಿಯಲ್ಲಿ ನಡೆಯುವುದನ್ನು ಬಿಡುತ್ತಾನೆ. ಸೋಮವಾರದ ಭಜನೆಗೆ ಬರುವುದಿಲ್ಲ. ಸಂಜೆ ಹೊರಗೆ ಹೊರಡುವ ಮುನ್ನ ಕೊರಳಿನ ಲಿಂಗವನ್ನು ತೆಗೆದು ದೇವರ ಜಗಲಿಯ ಮೇಲಿಟ್ಟು ಹೋಗುವವರೂ ಉಂಟು. ಲಿಂಗವನ್ನು ಅಂಗದಿಂದ ಅಗಲಿಸುವುದು ಅಪಚಾರವೆಂದು ಅವನನ್ನು ಬೈಯುವುದು ಸುಲಭ. ಆದರೆ ಹಾಗೆ ತೆಗೆದಿಡುವವನ ಕೈಯಲ್ಲಿ ಭಕ್ತಿ ಇನ್ನೂ ಸತ್ತಿಲ್ಲವೆಂಬುದನ್ನು ಬೈಯುವವರು ಕಾಣುವುದಿಲ್ಲ. ನಾಚಿಕೆಯುಳ್ಳವನು ಮಾತ್ರ ಅಡಗುತ್ತಾನೆ. ನಾಚಿಕೆಯೇ ಅವನನ್ನು ನೆರವಿನಿಂದ ದೂರ ಒಯ್ಯುತ್ತಿರುವುದು ಇಲ್ಲಿಯ ಕಷ್ಟ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳನ್ನು ಇಲ್ಲಿ ಕಣ್ಣ ಮುಂದಿಟ್ಟುಕೊಳ್ಳಬಹುದು. ಶಹಾಬಾದದ ಫರ್ಸಿ ಕಲ್ಲು ಎಷ್ಟೋ ಜಿಲ್ಲೆಗಳ ಮನೆಗಳಿಗೆ ನೆಲವಾಗಿದೆ. ವಾಡಿಯಲ್ಲಿಯೂ ಸೇಡಂ ಬಳಿಯಲ್ಲಿಯೂ ಸಿಮೆಂಟ್ ಕಾರ್ಖಾನೆಗಳು ಹಗಲಿರುಳೆನ್ನದೆ ಪಾಳಿಯ ಮೇಲೆ ನಡೆಯುತ್ತವೆ. ಉಳಿದ ನೆಲವೆಲ್ಲ ತೊಗರಿಯ ಕಣಜ. ಖಣಿಯಲ್ಲಿ ದಿನವಿಡೀ ಕಲ್ಲಿನೊಡನೆ ಹೆಣಗಿದವನು ಮೈನೋವಿಗೆಂದು ಕುಡಿಯುತ್ತಾನೆ. ರಾತ್ರಿಪಾಳಿ ಮುಗಿಸಿದವನು ನಿದ್ದೆಗೆಂದು ಕುಡಿಯುತ್ತಾನೆ. ರಾಶಿ ಮುಗಿದು ಕೈಗೆ ರೊಕ್ಕ ಬಂದ ಒಕ್ಕಲಿಗನು ಸಂತೋಷಕ್ಕೆಂದೂ, ಮಳೆ ಕೈಕೊಟ್ಟ ವರ್ಷ ದುಃಖಕ್ಕೆಂದೂ ಕುಡಿಯುತ್ತಾನೆ. ಕಾರಣಕ್ಕೇನು ಬರ! ಮೊದಲು ಕಾರಣವನ್ನು ಹುಡುಕಿ ಕುಡಿಯುವವನು ಕೊನೆಗೆ ಕಾರಣವಿಲ್ಲದೆಯೂ ಕುಡಿಯುತ್ತಾನೆ.

ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಸೇಂದಿ, ಸಾರಾಯಿಗಳ ಅಬಕಾರಿ ಆಗಿನ ಬೊಕ್ಕಸದ ಮುಖ್ಯ ಆದಾಯಗಳಲ್ಲೊಂದು. 1956ರಲ್ಲಿ ಈ ಊರುಗಳು ಏಕೀಕೃತ ರಾಜ್ಯಕ್ಕೆ ಸೇರಿದವು; ರಾಜ್ಯ ಬದಲಾಯಿತು, ಅಬಕಾರಿ ಉಳಿಯಿತು. ಕರ್ನಾಟಕದಲ್ಲಿ ಸಾರಾಯಿಯನ್ನು 2007ರ ಜುಲೈ 1ರಿಂದ ನಿಷೇಧಿಸಲಾಯಿತು. ನೆರೆಯ ಆಂಧ್ರದಲ್ಲಿ 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ಎದ್ದು ನಿಂತುದರಿಂದ 1993ರಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ಪಾನನಿಷೇಧ ಬಂದಿತು, 1997ರಲ್ಲಿ ಅದು ಸಡಿಲವಾಯಿತು. ಆ ತಾಯಂದಿರ ಸಾಹಸವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೂ ಒಂದು ಮಾತು ನಿಜ. ಅಂಗಡಿಯ ಬಾಗಿಲು ಮುಚ್ಚಿದರೆ ಹೊಸದಾಗಿ ಕುಡಿಯಲು ಹೋಗುವವರು ತಗ್ಗಬಹುದು. ಆಗಲೇ ಕುಡಿತಕ್ಕೆ ಸೆರೆಯಾದವನ ಒಳಗಿನ ದಾಹಕ್ಕೆ ಬೀಗ ಹಾಕುವ ಅಧಿಕಾರ ಯಾವ ಸರಕಾರಕ್ಕೂ ಇಲ್ಲ. ಸಾರಾಯಿ ಸಿಗದ ಊರಿನಲ್ಲಿ ಅವನು ಬಾಟಲಿಯ ಮದ್ಯಕ್ಕೆ ಹೋದನು, ಇಲ್ಲವೆ ಗಡಿ ದಾಟಿದನು.

ಈ ದಾಹದ ಸ್ವರೂಪವನ್ನು ಅರಿಯದೆ ವ್ರತಭಂಗದ ವಿಚಾರ ಮಾಡುವುದು ನ್ಯಾಯವಲ್ಲ. ಬಹುಕಾಲ, ಬಹಳವಾಗಿ ಕುಡಿದ ದೇಹವು ಮದ್ಯವಿಲ್ಲದೆ ನಡೆಯುವುದನ್ನು ಮರೆತುಬಿಟ್ಟಿರುತ್ತದೆ. ಅಂಥವನು ಒಮ್ಮೆಲೇ ಬಿಟ್ಟರೆ ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ತಳಮಳಗಳು ತೊಡಗುತ್ತವೆ; ಒಂದೆರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತ ಬರಬಹುದು; ಎರಡರಿಂದ ನಾಲ್ಕು ದಿನಗಳ ನಡುವೆ ಇಲ್ಲದ್ದನ್ನು ಕಾಣುತ್ತ, ಇಲ್ಲದವರೊಡನೆ ಮಾತಾಡುತ್ತ ಪ್ರಾಣಾಪಾಯಕ್ಕೂ ಈಡಾಗಬಹುದು. ಹಳ್ಳಿಯ ಮನೆಗಳಲ್ಲಿ ಇದನ್ನು ಗಾಳಿ ಸೋಂಕಿತೆಂದು ತಿಳಿಯುತ್ತಾರೆ. ಬಿಟ್ಟದ್ದಕ್ಕೇ ಹೀಗಾಯಿತೆಂದು ಹೆತ್ತ ತಾಯಿಯೇ ಎರಡು ಗುಟುಕು ತರಿಸಿ ಕುಡಿಸಿದ ಉದಾಹರಣೆಗಳು ಅಪರೂಪವಲ್ಲ. ಗುರುಗಳ ಮುಂದೆ ಬುಧವಾರ ಆಣೆ ಮಾಡಿದವನು ಶುಕ್ರವಾರ ಅದನ್ನು ಮುರಿದನೆಂದರೆ ಅವನ ಭಕ್ತಿ ಟೊಳ್ಳೆಂದೇ ಅರ್ಥವೇ? ಅವನಿಗೆ ಆ ಎರಡು ದಿನ ಬೇಕಾಗಿದ್ದುದು ವೈದ್ಯನ ಕಣ್ಗಾವಲು. ಅದನ್ನು ಆಣೆ ಕೊಡಿಸಿದವರು ಯಾರೂ ನೆನೆಯಲಿಲ್ಲ. ಹೀಗೆ ಮುರಿದ ವ್ರತದಲ್ಲಿ ಕೊಡಿಸಿದವರ ಪಾಲೂ ಇದೆ.

ಹಾಗಾದರೆ ಇದು ರೋಗವೆಂದಾಯಿತು, ರೋಗಿಗೆ ಪಾಪವೆಲ್ಲಿಯದು, ಹೊಣೆಯೆಲ್ಲಿಯದು ಎಂದು ಕೇಳುವವರುಂಟು. ಮದ್ಯದ ದಾಸ್ಯವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲಿ ಸೇರಿಸಿರುವುದು ನಿಜ. ಆದರೆ ಸಿಹಿಮೂತ್ರದ ರೋಗಿಯನ್ನು ನೋಡಬೇಕು. ರೋಗ ಬಂದುದಕ್ಕೆ ಅವನನ್ನು ಯಾರೂ ಪಾಪಿಯೆನ್ನುವುದಿಲ್ಲ. ಬಂದಮೇಲೆ ತಟ್ಟೆಯಲ್ಲಿ ಏನಿರಬೇಕೆಂಬ ಹೊಣೆ ಮಾತ್ರ ಅವನದೇ. ಕುಡಿತದಲ್ಲಿಯೂ ಹಾಗೆಯೇ. ಅವನು ಹೆಂಡತಿಯ ತಾಳಿ ಮಾರಿದುದು, ಮಕ್ಕಳನ್ನು ಹೊಡೆದುದು ತಪ್ಪೇ. ರೋಗವೆಂಬ ಹೆಸರಿನಿಂದ ಆ ತಪ್ಪು ತೊಳೆದುಹೋಗದು. ಆದರೆ ತಪ್ಪಿನ ಲೆಕ್ಕವನ್ನು ಅವನೇ ಕುಳಿತು ಬರೆಯುವಂತಾಗಬೇಕಾದರೆ ಮೊದಲು ಅವನ ಕೈನಡುಕ ನಿಲ್ಲಬೇಕು.

ವೀರಶೈವ ಮಠಗಳು ಈ ವಿಷಯದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ತೊಡಗಿಸಿದ ಮಹಾಂತ ಜೋಳಿಗೆಯ ಕಾರ್ಯ ನಾಡಿಗೆಲ್ಲ ತಿಳಿದುದು. ಜಂಗಮರ ಜೋಳಿಗೆಗೆ ಜನ ಜೋಳವನ್ನೂ ರೊಕ್ಕವನ್ನೂ ನೀಡುವುದು ವಾಡಿಕೆ. ಆ ಪೂಜ್ಯರು ಜೋಳಿಗೆ ಚಾಚಿ ಬೇಡಿದುದು ದುಶ್ಚಟಗಳನ್ನು. ಬೀಡಿಯ ಕಟ್ಟು, ತಂಬಾಕಿನ ಚೀಟಿ, ಮದ್ಯದ ಬಾಟಲಿ, ಏನಿದ್ದರೂ ಅದರಲ್ಲಿ ಹಾಕಿ ಇನ್ನು ಮುಟ್ಟೆನೆಂದು ಹೇಳಬೇಕು. ಕೊಡುವವನ ಮಾನವನ್ನು ಇದು ಎಷ್ಟು ಕಾಯುತ್ತದೆಯೆಂಬುದನ್ನು ಗಮನಿಸಬೇಕು. ಅವನು ಅಲ್ಲಿ ಅಪರಾಧಿಯಾಗಿ ನಿಲ್ಲುವುದಿಲ್ಲ, ದಾನಿಯಾಗಿ ನಿಲ್ಲುತ್ತಾನೆ! ಬೇಡುವ ಗುರುವೇ ಕೈ ಕೆಳಗೆ ಮಾಡಿರುತ್ತಾನೆ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಜೋಳಿಗೆಯು ಬಾಟಲಿಯನ್ನು ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತದೆ. ಮರುದಿನದ ಸಂಜೆ ಆರು ಗಂಟೆ ಮಾತ್ರ ಅದೇ ಊರಿನಲ್ಲಿ, ಅದೇ ಮನೆಯಲ್ಲಿ, ಅದೇ ಗೆಳೆಯರ ನಡುವೆ ಬರುತ್ತದೆ. ಆ ಆರು ಗಂಟೆಯಲ್ಲಿ ಅವನು ಎಲ್ಲಿ ಕುಳಿತಿರಬೇಕು, ಯಾರೊಡನೆ ಮಾತಾಡಬೇಕು? ದೊಡ್ಡ ಸಂಕಲ್ಪಗಳೆಲ್ಲ ಸೋಲುವುದು ಇಂಥ ಚಿಕ್ಕ ವೇಳೆಯಲ್ಲಿ.

ಈ ಸಂಜೆಯ ಪ್ರಶ್ನೆಗೆ ಒಂದು ಉತ್ತರ ದೊರೆತುದು ಬಹುದೂರದ ಅಮೇರಿಕದಲ್ಲಿ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ವ್ಯಾಪಾರಿ ಒಹಾಯೊ ಪ್ರಾಂತದ ಆಕ್ರನ್ ಎಂಬ ಊರಿನಲ್ಲಿ ತಂಗಿದ್ದನು. ಕುಡಿದು ಹಾಳಾಗಿ, ಬಿಟ್ಟು ಆರು ತಿಂಗಳೂ ತುಂಬಿರಲಿಲ್ಲ. ಬಂದ ವ್ಯವಹಾರ ಕೆಟ್ಟಿತು. ಹೋಟೆಲಿನ ಒಂದು ಮಗ್ಗುಲಲ್ಲಿ ಮದ್ಯದ ಕೋಣೆ, ಅಲ್ಲಿಂದ ನಗೆಯ ಸದ್ದು; ಇನ್ನೊಂದು ಮಗ್ಗುಲಲ್ಲಿ ಟೆಲಿಫೋನ್, ಅದರ ಬಳಿ ಊರಿನ ಚರ್ಚುಗಳ ಹೆಸರುಗಳ ಪಟ್ಟಿ. ಅವನು ಟೆಲಿಫೋನಿನ ಕಡೆಗೆ ನಡೆದನು. ಅವನು ಪಾದ್ರಿಗಳನ್ನು ಕೇಳಿದುದು ಉಪದೇಶವನ್ನಲ್ಲ, ಪ್ರಾರ್ಥನೆಯನ್ನೂ ಅಲ್ಲ. ತನ್ನಂತೆಯೇ ಕುಡಿತಕ್ಕೆ ಸಿಕ್ಕ ಇನ್ನೊಬ್ಬನು ಈ ಊರಲ್ಲಿದ್ದರೆ ತನಗೆ ತೋರಿಸಿರಿ ಎಂಬುದನ್ನು. ಇನ್ನೊಬ್ಬ ಕುಡುಕನೊಡನೆ ಮಾತಾಡಿದರೆ ತಾನು ಈ ಹೊತ್ತು ಉಳಿಯುವೆನೆಂದು ಅವನಿಗೆ ಹೊಳೆದಿತ್ತು. ಹೀಗೆ ಹುಡುಕಿ ದೊರೆತವನು ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯ. ಕೆಲವು ಕ್ಷಣ ಸಾಕೆಂದು ಬಂದ ವೈದ್ಯನು ಗಂಟೆಗಟ್ಟಲೆ ಕುಳಿತನು. ಉಪದೇಶ ಮಾಡದೆ ತನ್ನ ಕಥೆಯನ್ನೇ ಹೇಳಿಕೊಂಡ ಮನುಷ್ಯನನ್ನು ಅವನು ಮೊದಲ ಬಾರಿ ಕಂಡಿದ್ದನು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಪವಾಡವಾಗುತ್ತಿತ್ತು. ಹಾಗಾಗಲಿಲ್ಲ. ಕುಡಿತ ಬಿಟ್ಟ ಆ ವೈದ್ಯನು ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಬೇರೆ ಊರಿಗೆ ಹೋಗಿ ಅಲ್ಲಿ ಮೈಮೇಲೆ ಅರಿವಿಲ್ಲದಂತೆ ಕುಡಿದನು. ಮರಳಿ ಬಂದಾಗ ವಿಲ್ಸನ್ ಅವನನ್ನು ಹೊರಗೆ ಹಾಕಲಿಲ್ಲ. ಪಕ್ಕದಲ್ಲಿ ಕುಳಿತು ಮತ್ತೆ ತೊಡಗಿದನು. ಸ್ಮಿತ್ ಕೊನೆಯ ಬಾರಿ ಕುಡಿದುದು 1935ರ ಜೂನ್ 10ರಂದು. ಆ ದಿನವನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಜನ್ಮದಿನವೆಂದು ಎಣಿಸುತ್ತಾರೆ. ಇಂದು ಲೋಕದ ತುಂಬ ಹಬ್ಬಿದ ಆ ಸಂಘದ ಇಬ್ಬರು ಸ್ಥಾಪಕರಲ್ಲಿ ಒಬ್ಬನು ವ್ರತ ತಪ್ಪಿದವನು! ವ್ರತ ತಪ್ಪಿದ ದಿನ ಅವನಿಗೆ ಬಾಗಿಲು ಮುಚ್ಚಿದ್ದರೆ ಸಂಘವೇ ಹುಟ್ಟುತ್ತಿರಲಿಲ್ಲ.

ಅಲ್ಲಿಯ ಕೂಟದ ರೀತಿ ಬಹು ಸರಳ. ವಾರದ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಒಂದು ಕೋಣೆಯಲ್ಲಿ ಜನ ಸೇರುತ್ತಾರೆ. ಕುಡಿತ ಬಿಡಬೇಕೆಂಬ ಆಸೆಯೊಂದೇ ಪ್ರವೇಶಕ್ಕೆ ಬೇಕಾದ ಅರ್ಹತೆ. ಶುಲ್ಕವಿಲ್ಲ, ಇದ್ದವರು ಇದ್ದಷ್ಟು ಹಾಕಿ ಕೋಣೆಯ ಬಾಡಿಗೆ, ಚಹದ ಖರ್ಚು ತೂಗಿಸುತ್ತಾರೆ, ಹೊರಗಿನವರ ದೇಣಿಗೆಯನ್ನು ಮುಟ್ಟುವುದಿಲ್ಲ. ಒಬ್ಬೊಬ್ಬರಾಗಿ ತಮ್ಮ ಕಥೆಯನ್ನು ಮಾತ್ರ ಹೇಳುತ್ತಾರೆ. ಇನ್ನೊಬ್ಬನಿಗೆ ಬುದ್ಧಿ ಹೇಳುವುದಿಲ್ಲ. ಕೇಳಿದುದನ್ನು ಹೊರಗೆ ಆಡುವುದಿಲ್ಲ. ಪೂರ್ಣ ಹೆಸರನ್ನೂ ಕೇಳುವುದಿಲ್ಲ. ಜನ್ಮವಿಡೀ ಕುಡಿಯೆನೆಂಬ ಆಣೆಯೂ ಅಲ್ಲಿಲ್ಲ. ಇಂದು ಒಂದು ದಿನ ಕುಡಿಯದಿದ್ದರೆ ಸಾಕು, ನಾಳೆಯದು ನಾಳೆ. 1957ರಲ್ಲಿ ಮುಂಬಯಿಯಲ್ಲಿ ಈ ಸಂಘ ಭಾರತಕ್ಕೆ ಕಾಲಿಟ್ಟಿತು. ಈಗ ಕನ್ನಡದಲ್ಲಿ ನಡೆಯುವ ಕೂಟಗಳೂ ಉಂಟು.

ಕರ್ನಾಟಕದಲ್ಲಿಯೇ ಬೆಳೆದ ಇನ್ನೊಂದು ಪ್ರಯತ್ನ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯದು. ಅದರ ಆಶ್ರಯದ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ಮುಗಿಸಿದವರು ಮನೆಗೆ ಹೋಗಿ ಒಂಟಿಯಾಗದಂತೆ ನವಜೀವನ ಸಮಿತಿಯೆಂಬ ಕೂಟವನ್ನು ಕಟ್ಟಿಕೊಂಡು ಮೇಲಿಂದ ಮೇಲೆ ಸೇರುತ್ತಾರೆ. ಶಿಬಿರಕ್ಕಿಂತಲೂ ಈ ಸಮಿತಿಯೇ ಹೆಚ್ಚಿನದೆಂದರೆ ಅತಿಶಯೋಕ್ತಿಯಾಗದು. ಜೋಳಿಗೆ ಹೋದಮೇಲಿನ ಸಂಜೆಗೆ ಅಲ್ಲಿ ಒಂದು ಉತ್ತರವಿದೆ.

ಇದೆಲ್ಲ ಪರರ ಪದ್ಧತಿ, ಲಿಂಗವಂತನಿಗೆ ಇದರಿಂದೇನು ಎಂಬ ಆಕ್ಷೇಪಣೆಯನ್ನು ಲಘುವಾಗಿ ತಳ್ಳಿಹಾಕಬಾರದು. ಆಕ್ರನ್ನಿನ ಕೂಟದಲ್ಲಿ ತನ್ನನ್ನು ಮೀರಿದ ಒಂದು ಶಕ್ತಿಗೆ ತನ್ನನ್ನು ಒಪ್ಪಿಸಿಕೊಳ್ಳಬೇಕೆಂದು ಹೇಳುತ್ತಾರೆ. ಆ ಶಕ್ತಿಯನ್ನು ಅವರವರ ತಿಳಿವಿಗೆ ಬಂದಂತೆ ಭಾವಿಸಲು ಬಿಡುತ್ತಾರೆ. ಹಾಗಿದ್ದಮೇಲೆ ಭಕ್ತನು ಅಲ್ಲಿ ತನ್ನ ಕರಸ್ಥಲದ ಲಿಂಗವನ್ನೇ ನೆನೆಯಲು ಏನಡ್ಡಿ? ಮಗ್ಗುಲಲ್ಲಿ ಕುಳಿತ ಖಣಿಯ ಕೂಲಿಕಾರನು ಅಲ್ಲಾನನ್ನು ನೆನೆದರೆ ಇವನ ಏಕದೇವನಿಷ್ಠೆಗೆ ಕುಂದೇನು? ನಿಷ್ಠೆಯೆಂಬುದು ಹಿಡಿದವನದು, ನೆರೆಯವನ ಸಾಕ್ಷಿ ಅದಕ್ಕೆ ಬೇಕಿಲ್ಲ. ತನ್ನ ಬಲದಿಂದ ಆಗಲಿಲ್ಲವೆಂದು ಮೊದಲು ಒಪ್ಪಿಕೊಳ್ಳುವುದು ಆ ಕೂಟದ ಮೊದಲ ಮೆಟ್ಟಿಲು. ನಾನೆಂಬುದು ಅಳಿಯದೆ ಶರಣತ್ವವಿಲ್ಲವೆಂದು ಬಲ್ಲವರಿಗೆ ಇದು ಅಪರಿಚಿತ ಮಾತಲ್ಲ. ಹಾಗೆಂದು ಅನುಭವಮಂಟಪವೂ ಈ ಕೂಟವೂ ಒಂದೇ ಎನ್ನುವುದು ಸರಿಯಲ್ಲ. ಅಲ್ಲಿ ಲಿಂಗಾಂಗ ಸಾಮರಸ್ಯದ ಚರ್ಚೆ ನಡೆದಿತ್ತು. ಇಲ್ಲಿ ಈ ರಾತ್ರಿ ಕುಡಿಯದೆ ಮನೆ ಸೇರುವ ಚರ್ಚೆ ನಡೆಯುತ್ತದೆ. ಎರಡಕ್ಕೂ ಇರುವ ಸಾಮ್ಯ ಒಂದರಲ್ಲಿ ಮಾತ್ರ: ತನ್ನ ಒಳಗನ್ನು ತಾನೇ ತೆರೆದು ತೋರುವುದು, ಕೇಳುವವರು ಅದನ್ನು ಹಾಸ್ಯ ಮಾಡದಿರುವುದು. ಶರಣರಿಗಿಂತ ಎಷ್ಟೋ ಹಿಂದೆ ಬೌದ್ಧ ಭಿಕ್ಷುಗಳು ಪಕ್ಷಕ್ಕೊಮ್ಮೆ ಸೇರಿ ತಮ್ಮ ಸ್ಖಲನಗಳನ್ನು ಸಂಘದ ಮುಂದೆ ಹೇಳಿಕೊಳ್ಳುವ ನಿಯಮವಿತ್ತು. ಅವರ ಪಂಚಶೀಲಗಳಲ್ಲಿ ಐದನೆಯದು ಮದ್ಯವರ್ಜನೆಯೇ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾತೀರದಲ್ಲಿ, ಆ ಧರ್ಮದ ಸ್ತೂಪದ ಅವಶೇಷಗಳು ಇಂದಿಗೂ ಇವೆ. ಈ ನೆಲಕ್ಕೆ ಕೂಟದ ಪದ್ಧತಿ ಹೊರಗಿನಿಂದ ಬಂದುದೆಂದು ಅಂಜಬೇಕಾದ ಕಾರಣವಿಲ್ಲ.

ಯಾರ ಪಕ್ಕದಲ್ಲಿ ಕುಳಿತುಕೊಳ್ಳುವುದು ಎಂಬ ಇನ್ನೊಂದು ಸಂಕೋಚ ಬಾಯಿಬಿಟ್ಟು ಹೇಳುವಂಥದಲ್ಲ, ಆದರೆ ಉಂಟು. ಮಲ್ಲಯ್ಯನ ಮಗನು ಅವರಿವರ ನಡುವೆ ಕುಳಿತು ತಾನು ಕುಡುಕನೆಂದು ಹೇಳಿಕೊಳ್ಳುವುದೆ ಎಂದು ಮನೆಯ ಹಿರಿಯರು ಮುಖ ಗಂಟಿಕ್ಕುತ್ತಾರೆ. ಸಾರಾಯಿ ಅಂಗಡಿಯಲ್ಲಿ ಅವರಿವರ ನಡುವೆ ಕುಳಿತಾಗ ಇಲ್ಲದ ಜಾತಿ, ಬಿಡುವ ಕೂಟದಲ್ಲಿ ಎಲ್ಲಿಂದ ಬಂದಿತು? ಹೆಂಡದ ಮಾರಯ್ಯ ಹೆಂಡ ಮಾರುವ ಕಸುಬಿನವನು. ಅವನ ವಚನಗಳಲ್ಲಿ ಆ ಕಸುಬಿನ ಮಾತುಗಳೇ ತತ್ತ್ವಕ್ಕೆ ಮೈಯಾಗಿವೆ. ಉರಿಲಿಂಗಪೆದ್ದಿ ಕಳವಿನಿಂದ ಬದುಕುತ್ತಿದ್ದವನೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಇವರ ಪಕ್ಕದಲ್ಲಿ ಕುಳಿತವರ ವಂಶದವರೆಂದು ಹೆಮ್ಮೆಪಡುವವರು ವಾಡಿಯ ಒಂದು ಕೋಣೆಯಲ್ಲಿ ಕುಳಿತುಕೊಳ್ಳಲು ಹಿಂಜರಿಯುವುದು ಸೋಜಿಗವೇ ಸರಿ.

ಮಠದಲ್ಲಿಯೇ, ಗುರುಗಳ ಸನ್ನಿಧಿಯಲ್ಲಿಯೇ ಇಂಥ ಕೂಟ ನಡೆದರೆ ಸಾಲದೆ? ಸಾಲದೆಂದೇ ತೋರುತ್ತದೆ. ಗುರುವು ಪೀಠದ ಮೇಲಿರುವವನು. ಶಿಷ್ಯನು ಗುರುವಿಗೆ ಪ್ರಿಯವಾದುದನ್ನೇ ಹೇಳಲು ಬಯಸುತ್ತಾನೆ. ನಿನ್ನೆ ಕುಡಿದೆನೆಂಬುದನ್ನು ಅವನ ಮುಂದೆ ಹೇಳಲಾರನು. ತನ್ನಂತೆಯೇ ಬಿದ್ದು ಎದ್ದವನ ಮುಂದೆ ಹೇಳಬಲ್ಲನು. ದೀಕ್ಷೆ ಕೊಡುವುದು, ಧೈರ್ಯ ತುಂಬುವುದು, ಲಿಂಗಪೂಜೆಯ ನೇಮಕ್ಕೆ ಮರಳಿ ಹಚ್ಚುವುದು ಗುರುವಿನ ಕೆಲಸ. ಸಂಜೆಯ ಕೂಟದಲ್ಲಿ ಮಾತ್ರ ಪೀಠವಿರಬಾರದು. ಇನ್ನೊಂದು ಮಾತನ್ನು ವಿನಯದಿಂದ ಸೂಚಿಸಬೇಕಾಗಿದೆ. ಜಾತ್ರೆಯಲ್ಲಿ ಆಣೆ ಮಾಡಿದವರನ್ನು ಸಾಲಾಗಿ ನಿಲ್ಲಿಸಿ, ಹಾರ ಹಾಕಿ, ಛಾಯಾಚಿತ್ರ ತೆಗೆದು ಪತ್ರಿಕೆಗಳಿಗೆ ಕಳಿಸುವ ಪರಿಪಾಠ ಬೆಳೆದಿದೆ. ಮಠದ ಕೀರ್ತಿಗೆ ಅದು ಒಳ್ಳೆಯದಿರಬಹುದು. ಚಿತ್ರದಲ್ಲಿ ಇದ್ದವನು ತಿಂಗಳ ಮೇಲೆ ಎಡವಿದರೆ ಊರೆಲ್ಲ ಬೆರಳು ತೋರಿಸುತ್ತದೆ. ಆ ಬೆರಳಿಗೆ ಅಂಜಿ ಅವನು ಮಠಕ್ಕೂ ಬಾರದೆ ಕೂಟಕ್ಕೂ ಬಾರದೆ ಹೋಗುತ್ತಾನೆ. ಹೆಸರು ಕೇಳದ ಆ ಕೂಟದವರ ಎಚ್ಚರಿಕೆ ಇಲ್ಲಿ ಮಠಗಳು ಕಲಿಯತಕ್ಕುದು.

ಇನ್ನು ಹುಡುಕುವ ಬಗೆ. ಮೊದಲು ಆಸ್ಪತ್ರೆ. ಬಹಳ ಕುಡಿಯುವವನನ್ನು ಒಮ್ಮೆಲೇ ಬಿಡಿಸಹೋಗದೆ ತಾಲ್ಲೂಕು ಆಸ್ಪತ್ರೆಗೆ, ಅಥವಾ ಕಲಬುರಗಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮಾನಸಿಕ ರೋಗಗಳ ವಿಭಾಗಕ್ಕೆ ಕರೆದೊಯ್ಯಬೇಕು. ಅಲ್ಲಿಯ ವೈದ್ಯರನ್ನೂ ಆಪ್ತ ಸಲಹೆಗಾರರನ್ನೂ ಹತ್ತಿರದಲ್ಲಿ ಯಾವ ಕೂಟ ಯಾವ ದಿನ ಸೇರುವುದೆಂದು ಕೇಳಬೇಕು. ಕೇಳುವುದಕ್ಕೆ ರೋಗಿಯೇ ಹೋಗಬೇಕೆಂದಿಲ್ಲ. ಅಣ್ಣನಾಗಲಿ ಹೆಂಡತಿಯಾಗಲಿ ಕೇಳಬಹುದು. ಧರ್ಮಸ್ಥಳ ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ನವಜೀವನ ಸಮಿತಿಯ ವಿಚಾರ ತಿಳಿಯುತ್ತದೆ. ಟೆಲಿಫೋನಿನಲ್ಲಿ ಕೇಳುವವರಿಗೆ 14416 ಎಂಬ ಸರಕಾರದ ಟೆಲಿ ಮಾನಸ್ ಸೇವೆ 2022ರಿಂದ ಹಗಲಿರುಳೂ ಉಚಿತವಾಗಿದೆ, ಕನ್ನಡದಲ್ಲಿಯೂ ಮಾತಾಡುತ್ತಾರೆ. ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಂಖ್ಯೆ 14446. 2020ರ ಮಹಾಮಾರಿಯ ಕಾಲದಿಂದ ಮೊಬೈಲಿನಲ್ಲಿಯೇ ಸೇರುವ ಕೂಟಗಳೂ ಹೆಚ್ಚಿವೆ. ರಾತ್ರಿಪಾಳಿಯವನಿಗೆ ಅವು ಒದಗಿಬರುತ್ತವೆ. ಕಲಬುರಗಿಗೆ ಹೋಗಬೇಕಾದರೆ ಶಹಾಬಾದ, ವಾಡಿಗಳು ಮುಂಬಯಿ ಮದ್ರಾಸು ಹಾದಿಯ ಮೇಲಿವೆ. ಚಿತ್ತಾಪುರ, ಸೇಡಂಗಳು ವಾಡಿಯಿಂದ ಹೈದರಾಬಾದಿನ ಕಡೆಗೆ ಹೋಗುವ ಹಾದಿಯ ಮೇಲಿವೆ. ದೂರದ ಊರಿನ ಕೂಟಕ್ಕೆ ಹೋಗುವುದರಲ್ಲಿ ಒಂದು ಅನುಕೂಲವೂ ಉಂಟು: ಅಲ್ಲಿ ಗುರುತಿನವರು ಸಿಗುವುದಿಲ್ಲ. ಮೊದಲ ನಾಲ್ಕು ವಾರ ನಾಚಿಕೆಗೆ ಅಷ್ಟು ರಿಯಾಯಿತಿ ಕೊಡುವುದು ತಪ್ಪಲ್ಲ.

ಹತ್ತಿರದಲ್ಲಿ ಕೂಟವೇ ದೊರೆಯದಿದ್ದರೆ? ಆಕ್ರನ್ನಿನಲ್ಲಿ 1935ರಲ್ಲಿ ಇದ್ದವರು ಇಬ್ಬರು. ಕುಡಿತ ಬಿಟ್ಟು ವರ್ಷವಾದವನೊಬ್ಬ ಸೇಡಂನಲ್ಲಿ ಇದ್ದಾನೆ, ಬಿಡಬೇಕೆನ್ನುವವನೊಬ್ಬ ಇದ್ದಾನೆ, ಇಬ್ಬರೂ ಗುರುವಾರದ ಸಂಜೆ ಆರಕ್ಕೆ ಒಂದು ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾರೆ ಎಂದರೆ ಅಲ್ಲಿಗೆ ಕೂಟವಾಯಿತು. ಮೂರನೆಯವನು ತಾನಾಗಿ ಬರುತ್ತಾನೆ. ಇಬ್ಬರನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಕೊಡುವುದು ಮಾತ್ರ ಊರ ಹಿರಿಯರಿಂದ ಆಗಬೇಕಾದ ಸೇವೆ. ಯಾರು ಬಿಟ್ಟಿದ್ದಾರೆ, ಯಾರು ತೊಳಲುತ್ತಿದ್ದಾರೆಂಬುದು ಹಿರಿಯರಿಗಲ್ಲದೆ ಇನ್ನಾರಿಗೆ ಗೊತ್ತು? ಚಿಂಚೋಳಿಯ ಸುತ್ತಣ ತಾಂಡಾಗಳಲ್ಲಿಯೂ ಹೀಗೆಯೇ. ಲಂಬಾಣಿಗಳ ಸಂತ ಸೇವಾಲಾಲರು ಮದ್ಯವನ್ನು ತೊರೆಯಲು ಬೋಧಿಸಿದವರು. ಅವರ ಹೆಸರು ಹೇಳಿದರೆ ಕೂಡಿ ಕುಳಿತುಕೊಳ್ಳುವವರು ಅಲ್ಲಿ ಇದ್ದಾರೆ.

ಮನೆಯಾಕೆಯ ವಿಷಯದಲ್ಲಿ ಎರಡು ಮಾತು ಬೇರೆಯಾಗಿಯೇ ಹೇಳಬೇಕು. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ, ಚಹದಲ್ಲಿ ಬೆರೆಸಿ ಕೊಡಿರೆಂದು ಪುಡಿ, ಗುಳಿಗೆಗಳನ್ನು ಮಾರುವವರುಂಟು. ಅವುಗಳಲ್ಲಿ ಕೆಲವು, ಔಷಧ ದೇಹದಲ್ಲಿರುವಾಗ ಕುಡಿದರೆ ಎದೆ ಹೊಡೆದುಕೊಂಡು ಜೀವಕ್ಕೇ ಎರವಾಗುವಂಥವು. ವೈದ್ಯನು ರೋಗಿಗೆ ತಿಳಿಸಿ, ಪರೀಕ್ಷಿಸಿ ಕೊಡತಕ್ಕ ಮದ್ದು ಅದು. ಗುಟ್ಟಾಗಿ ಕೊಡುವುದು ಅಪಾಯ ಮಾತ್ರವಲ್ಲ, ಮೋಸ. ತಿಳಿದ ದಿನ ಅವನು ಮನೆಯ ಅನ್ನವನ್ನೇ ನಂಬುವುದಿಲ್ಲ. ಎರಡನೆಯದಾಗಿ, ಅವನು ಬಿಡುವವರೆಗೂ ಆಕೆ ಕಾಯುತ್ತ ಕುಳಿತುಕೊಳ್ಳಬೇಕಾಗಿಲ್ಲ. ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟವನ್ನು 1951ರಲ್ಲಿ ಅಮೇರಿಕದಲ್ಲಿ ಕಟ್ಟಿದವರಲ್ಲಿ ವಿಲ್ಸನ್ನನ ಮಡದಿ ಲೋಯಿಸ್ ಮುಖ್ಯಳು. ಗಂಡನ ಕುಡಿತಕ್ಕೆ ತಾನು ಕಾರಣಳಲ್ಲವೆಂಬ ಒಂದು ಮಾತನ್ನು ಇನ್ನೊಬ್ಬ ಹೆಂಗಸಿನ ಬಾಯಿಂದ ಕೇಳುವುದಕ್ಕಾಗಿಯೇ ಎಷ್ಟೋ ಜನ ಅಲ್ಲಿಗೆ ಹೋಗುತ್ತಾರೆ. ಅಕ್ಕನ ಬಳಗಗಳು ಊರೂರಿನಲ್ಲಿವೆ. ವಚನಗಾಯನ ಮುಗಿದ ಮೇಲೆ ಅರ್ಧ ಗಂಟೆ ಈ ದುಃಖಕ್ಕೆ ಕಿವಿಗೊಡಲು ಅವುಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹೊಡೆತ ಬಡಿತಗಳು ನಡೆಯುವ ಮನೆಯಲ್ಲಿಯಾದರೋ ಆಕೆಯೂ ಮಕ್ಕಳೂ ಮೊದಲು ಸುರಕ್ಷಿತ ಜಾಗ ಸೇರುವುದೇ ಧರ್ಮ. ಸಹನೆಯ ಉಪದೇಶ ಅಲ್ಲಿ ಸಲ್ಲದು.

ಅಕ್ಕಮ್ಮನ ಕಟ್ಟುನಿಟ್ಟು ಹಾಗಾದರೆ ಎಲ್ಲಿ ನಿಲ್ಲಬೇಕು? ಮದ್ಯದ ವಿಷಯದಲ್ಲಿ ಅದು ಪೂರ್ಣವಾಗಿ ನಿಲ್ಲಬೇಕು. ದಾಸ್ಯಕ್ಕೆ ಬಿದ್ದವನಿಗೆ ಹಬ್ಬಕ್ಕೊಂದು ಗುಟುಕು, ಮದುವೆಗೊಂದು ಗುಟುಕು ಎಂಬ ಸಡಿಲವೇ ವಿಷ; ಕೂಟದವರೂ ಇದನ್ನೇ ಹೇಳುತ್ತಾರೆ. ಮನುಷ್ಯನ ವಿಷಯದಲ್ಲಿ ಮಾತ್ರ ಬಾಗಿಲು ತೆರೆದಿರಬೇಕು. ಹತ್ತು ಸಲ ತಪ್ಪಿದವನು ಹನ್ನೊಂದನೆಯ ಸಲ ಬಂದರೆ ಹತ್ತರ ಲೆಕ್ಕ ಕೇಳುವುದು ಕೂಟದ ಕೆಲಸವಲ್ಲ.

ಈ ಐದು ಊರುಗಳ ಮಠಗಳು ಕೊಡಬಹುದಾದುದು ಬಹಳ ದೊಡ್ಡದೇನಲ್ಲ. ವಾರಕ್ಕೆ ಒಂದು ಸಂಜೆ ಒಂದು ಕೋಣೆ. ಅದಕ್ಕೆ ಮಹಾದ್ವಾರದಿಂದಲ್ಲದೆ ಹಿಂದಿನ ಓಣಿಯಿಂದ ಬರುವ ಬಾಗಿಲಿದ್ದರೆ ಮೇಲು. ಬೇರೆ ಮತದವರು ಮಠದೊಳಗೆ ಬರಲು ಅಳುಕುವ ಊರಾದರೆ ಶಾಲೆಯ ಒಂದು ಕೋಣೆ. ಹೆಸರು ಬರೆಯುವ ಪುಸ್ತಕ ಬೇಡ, ದಾನಿಗಳ ಹೆಸರಿನ ಕಲ್ಲೂ ಬೇಡ. ಒಂದು ಹರಿವಾಣ ಚುರುಮುರಿ, ಹತ್ತು ಕಪ್ಪು ಚಹ ಸಾಕು. ಕೂಟವನ್ನು ನಡೆಸುವವರು ಬಿಟ್ಟವರೇ ಆಗಿರಲಿ. ಮಠದ ಕಾರ್ಯದರ್ಶಿ ಬೀಗ ತೆರೆದುಕೊಟ್ಟು ಹೊರಗೆ ಹೋಗಲಿ. ವಾಡಿ, ಶಹಾಬಾದಗಳಲ್ಲಿ ವೇಳೆಯನ್ನು ಪಾಳಿ ಬದಲಾಗುವ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ಚಿಂಚೋಳಿಗೆ ರೈಲಿಲ್ಲ, ತಾಂಡಾಗಳಿಗೆ ಮರಳುವವರ ಕೊನೆಯ ಬಸ್ಸಿಗೆ ಮೊದಲೇ ಅಲ್ಲಿಯ ಕೂಟ ಮುಗಿಯಬೇಕು.